ಸೋಸಿದ ಸಮುದ್ರ

ಚಿಕ್ಕೋಡಿ
ತಾ. ೯-೧೦-೧೯೯೫, ಸೋಮವಾರ

ಪ್ರೀತಿಯ ಸೋನಾ,

ನಿನ್ನ ಮೊಣಕಾಲು ಈಗ ಹೇಗಿದೆ? ಏಕಸಂಬಿಯ ನಿಮ್ಮಣ್ಣನ ಮನೆಯ ಮೆಟ್ಟಿಲು ಒಂದು ಎತ್ತರ, ಒಂದು ಗಿಡ್ಡ. ಕಟ್ಟಿದ ಗೌಂಡಿಗೆ ಒಂದೇ ಕಾಲಿತ್ತೋ ಏನೋ. ಇಳಿಯುವಾಗ ಗೋಡೆ ಹಿಡಿದುಕೊಂಡು ಇಳಿ. ರಾತ್ರಿ ಎಣ್ಣೆ ತಿಕ್ಕುತ್ತೀಯೋ, ಇಲ್ಲ ತವರಿಗೆ ಬಂದ ಖುಷಿಯಲ್ಲಿ ಮರೆತೆಯೋ? ನಾನು ಆರಾಮ ಇದ್ದೇನೆ. ಬಾಜೂ ಮನೆಯ ಲಕ್ಷ್ಮಿಬಾಯಿ ವೈನಿ ರೊಟ್ಟಿ ಕಳಿಸುತ್ತಾರೆ, ಜೊತೆಗೆ ಎರಡು ಕುಚೋದ್ಯದ ಮಾತನ್ನೂ ಕಳಿಸುತ್ತಾರೆ. ಚಾತುರ್ಮಾಸ ಕೆಡಿಸಿಲ್ಲ, ಹೊತ್ತು ಮುಳುಗುವ ಮೊದಲೇ ಉಂಡು ಕೈ ತೊಳೆಯುತ್ತೇನೆ. ನಂಬು.

ಫೋನ್ ಮಾಡದೆ ಕಾಗದ ಬರೆಯುತ್ತಿರುವುದು ನಿನ್ನ ಹುಕುಂ ಪ್ರಕಾರ. ಹೋಗುವ ದಿನ ಹೊಸ್ತಿಲಲ್ಲಿ ನಿಂತು ಅಂದೆಯಲ್ಲ, "ಬಾಯಿಮಾತಿನ್ಯಾಗ ನೀವ ಗೆಲ್ತೀರಿ. ಆ ಪೆಟ್ಟಿಗ್ಯಾಗಿನ ಜೀವ ಬದುಕ್ತಾವು ಅನ್ನೂದು ಖಾತ್ರಿ ಆದ ದಿನ ಕಾಗದ ಬರೀರಿ, ಬರ್ತೀನಿ. ಅಲ್ಲೀತನಕ ಅವು ಸಾಯೂದ ನೋಡ್ಕೋತ ನಾ ಇಲ್ಲಿ ಕುಂದ್ರಂಗಿಲ್ಲ" ಅಂತ. ಮಾತು ನೆನಪಿದೆ. ಹಿಂಡಿ ಚೀಲ ಸೈಕಲ್ಲಿಗೆ ಕಟ್ಟಿ ಮಾರಿ, ಮಾತಿನ ಮೇಲೆಯೇ ಗೊಬ್ಬರದ ಅಂಗಡಿ ಎಬ್ಬಿಸಿದವನು ನಾನು. ಅಂಥವನಿಗೆ ಬಾಯಿ ಮುಚ್ಚಿಕೊಂಡು ಬರೆ ಅನ್ನುವ ಶಿಕ್ಷೆ ನಿನಗೊಬ್ಬಳಿಗೇ ಹೊಳೆಯಬೇಕು.

ಮೊದಲಿನಿಂದ ಬರೆಯುತ್ತೇನೆ, ಯಾಕಂದರೆ ಈ ಕಾಗದವನ್ನು ನಿಮ್ಮಣ್ಣ ಪಾರಿಸನೂ ಓದುತ್ತಾನೆ. ಅರ್ಧ ಕಥೆ ನೀನು ಹೇಳಿರುತ್ತೀ, ಉಳಿದರ್ಧ ನಾನು ಹೇಳಿದರೆ ನ್ಯಾಯ. ಗೊಬ್ಬರದ ಕಂಪನಿಯವರು ನಮ್ಮನ್ನೆಲ್ಲ ಮುಂಬೈಗೆ ಕರೆದೊಯ್ದಾಗ ಆ ಹೋಟೆಲಿನಲ್ಲಿ ಗಾಜಿನ ಪೆಟ್ಟಿಗೆ ಕಂಡೆ. ಉಪ್ಪುನೀರು, ಕಿತ್ತಳೆ ಬಣ್ಣದ ಮೀನು, ಅಣಬೆಯ ಹಾಗೆ ಅರಳಿದ ಹವಳ. ಎಲ್ಲರೂ ಊಟಕ್ಕೆ ಹೋದರೂ ನಾನು ಅಲ್ಲೇ ನಿಂತಿದ್ದೆ. ಕಲ್ಲು ಅಂದುಕೊಂಡದ್ದು ಬೆಳಕು ಬಂದಾಗ ಬಿಚ್ಚಿಕೊಳ್ಳುತ್ತದೆ, ಬೆಳಕು ಹೋದಾಗ ಮುದುಡುತ್ತದೆ! ಸವಳು ಭೂಮಿಗೆ ಜಿಪ್ಸಮ್ ಹಾಕಿಸಿ ಬೆಳೆ ತೆಗೆಸಿದವನು ನಾನು, ಒಂದು ಪೆಟ್ಟಿಗೆಯ ಉಪ್ಪುನೀರು ಆಳಲಾರೆನೇ ಅನಿಸಿತು. ಮೀನು, ಹವಳ, ಕಲ್ಲು ಮುಂಬೈಯಿಂದ ಬಂದವು. ನೀರು ರತ್ನಾಗಿರಿಯಿಂದ ಬೆಲ್ಲದ ಲಾರಿಯಲ್ಲಿ ಬಂತು. ಸೋಸದ ನೀರು ಮುಟ್ಟಬಾರದು ಅನ್ನುವ ನಿನ್ನ ಕಾಯಿದೆ ಮೀರಬಾರದೆಂದು ಲಾರಿಯ ಮಾಳಸಿದ್ದನ ಕೈಗೆ ಗಾಳಿಸುವ ಬಟ್ಟೆ ಕೊಟ್ಟು, ದಂಡೆಯಲ್ಲೇ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ತಿರುಗಿ ಸಮುದ್ರಕ್ಕೇ ಬಿಡಬೇಕು ಅಂತ ಹೇಳಿದ್ದೆ. "ಸಾವಕಾರ್ರ, ಬಾವಿ ಸೋಸೂದು ನೋಡಿದ್ದೆ, ಸಮುದ್ರ ಸೋಸಿದ್ದು ಇದ ಮೊದಲು" ಅಂತ ವಾಪಸ್ ಬಂದು ಅಂದ. ದಂಡೆಯ ಮೀನುಗಾರ ಮಂದಿಯೆಲ್ಲ ನೆರೆದು ನಕ್ಕರಂತೆ.

ಆಮೇಲಿನದು ನಿನಗೆ ಗೊತ್ತು. ವಾರದೊಳಗೆ ಒಂದು ಮೀನು ಸತ್ತಿತು. ಹವಳಕ್ಕೂ ಜೀವ ಇರುತ್ತದೆ ಅಂತ ನಾನು ಶಾಣ್ಯಾತನ ತೋರಿಸಿದ ದಿನವೇ ನೀನು ತಾಳಿಯೊಳಗಿನ ಹವಳ ಬಿಚ್ಚಿ ದೇವರ ಗೂಡಿನಲ್ಲಿಟ್ಟೆ. ಅದರ ಮೇಲೆ ಸಂಜೆ ಪೆಟ್ಟಿಗೆಯ ದೀಪಕ್ಕೆ ಹುಳ ಬಂದು ನೀರಿಗೆ ಬಿದ್ದವು. "ಚಾತುರ್ಮಾಸದಾಗ ಮನ್ಯಾಗ ದೀಪ ಹಚ್ಚಿ ಕರದು ಕೊಲ್ಲೂದು ಛೊಲೋ ಧರ್ಮ ಆತ್ರಿ" ಅಂದು ಚೀಲ ಕಟ್ಟಿದೆ.

ನೀನು ಹೋದ ಮರುದಿನವೇ ಬಡಿಗ ಸತ್ತೆಪ್ಪನನ್ನು ಕರೆಸಿದೆ. ಒಂದು ಹುಳವೂ ಒಳಗೆ ಹೋಗಬಾರದು ಅಂದೆ. ಅವನು ಕೈಬಿಚ್ಚಿ ಕೆಲಸ ಮಾಡಿದ. ಗಾಜಿನ ಮುಚ್ಚಳ, ಸುತ್ತ ರಬ್ಬರು, ಪಂಪಿನ ಗಾಳಿ ಪೈಪು ಹೋಗುವ ತೂತಿಗೂ ಅರಿವೆ. "ಇರವಿ ಸೈತ ಪಾಸ್ ತಗೊಂಡ ಹೋಗಬೇಕ್ರಿ" ಅಂದ. ನಾನು ಅಷ್ಟಕ್ಕೇ ನಿಲ್ಲದೆ ಪಡಸಾಲೆಯ ಕಿಟಕಿಗಳನ್ನೂ ಜಡಿದು ಮುಚ್ಚಿದೆ. ಈಗ ಸೋನಾ ಬಂದು ನೋಡಲಿ ಅಂತ ಎದೆ ಉಬ್ಬಿಸಿ ಕುಳಿತೆ.

ಅಲ್ಲಿಂದಲೇ ನೀರು ಮುಖ ಕೆಡಿಸಿಕೊಂಡಿತು. ಮುಂಬೈ ಅಂಗಡಿಯವನು ಒಂದು ಸಣ್ಣ ಬಾಟಲಿ ಕೊಟ್ಟಿದ್ದಾನೆ, ಪೆಟ್ಟಿಗೆಯ ನೀರಿಗೆ ನಾಲ್ಕು ಹನಿ ಹಾಕಿದರೆ ಬಣ್ಣ ಬರುತ್ತದೆ. ಬಣ್ಣ ನೋಡಿ ಪಿಎಚ್ ಹೇಳಬೇಕು, ಅಂದರೆ ನೀರು ಹುಳಿಯ ಕಡೆಗಿದೆಯೋ ಕ್ಷಾರದ ಕಡೆಗೋ ಅನ್ನುವ ಲೆಕ್ಕ. ನಾವು ಮಣ್ಣಿಗೆ ನೋಡುತ್ತೇವಲ್ಲ, ಅದೇ. ಸಮುದ್ರದ ನೀರು ಎಂಟರ ಮೇಲೆ ಇರಬೇಕು. ನಮ್ಮದು ಬೆಳಿಗ್ಗೆ ಏಳೂಮುಕ್ಕಾಲು, ಮಧ್ಯಾಹ್ನ ಸ್ವಲ್ಪ ಏರಿ, ಮತ್ತೆ ಬೆಳಿಗ್ಗೆ ಅಲ್ಲಿಗೇ. ಹವಳ ಮುಷ್ಟಿ ಕಟ್ಟಿಕೊಂಡು ಕೂತಿತು. ಉಳಿದ ಮೀನೆರಡೂ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಮುಂಬೈಗೆ ಫೋನ್ ಹಚ್ಚಿದರೆ, ತಿನ್ನುವ ಸೋಡಾ ಹಾಕಿ ಅಂದರು. ಹಾಕಿದೆ, ಬಣ್ಣ ಕದಲಲಿಲ್ಲ. ಸುಣ್ಣದ ತಿಳಿನೀರು ಹನಿಹನಿಯಾಗಿ ಬಿಡಿ ಅಂದರು. ಬಿಟ್ಟೆ, ಸಂಜೆಗೆ ಬಣ್ಣ ಏರಿತು, ಬೆಳಿಗ್ಗೆ ನೋಡಿದರೆ ಮತ್ತೆ ಇಳಿದಿತ್ತು. ಆಗ ನನಗೆ ಸಂಶಯ ಬಂತು. ಗೋದಾಮಿನಲ್ಲಿ ದಿನಾ ಮಾಲು ಕಡಿಮೆ ಬಿದ್ದರೆ ಹೊಸ ಮಾಲು ತುಂಬುತ್ತ ಹೋಗುವವನು ಹುಂಬ. ಇಲಿ ಎಲ್ಲಿಂದ ಬರುತ್ತದೆ ಅಂತ ಮೊದಲು ನೋಡಬೇಕು.

ಇಲಿ ಸಿಕ್ಕದ್ದು ಬಸ್ ಸ್ಟ್ಯಾಂಡಿನ ಎದುರಿನ ಕಾಕಾಸಾಹೇಬನ ಸೋಡಾ ಅಂಗಡಿಯಲ್ಲಿ. ಗೋಲಿ ಒತ್ತಿ ಗ್ಲಾಸಿಗೆ ಸುರಿದ. ಯಾರೋ ಮಾತಿಗೆ ಸಿಕ್ಕರು, ಸೋಡಾ ಹಾಗೇ ಉಳಿಯಿತು. ಆಮೇಲೆ ಕುಡಿದರೆ ಸಪ್ಪೆ. ಜುಮ್ಮೆನ್ನುವ ಆ ಹುಳಿ ಎಲ್ಲಿ ಹೋಯಿತು? ಜೇಬಿನಲ್ಲಿ ಮಣ್ಣು ನೋಡುವ ಕಾಗದ ಇತ್ತು. ಇನ್ನೊಂದು ಸೋಡಾ ಒಡೆಸಿದೆ. ಆಗಿಂದಾಗ ಅದ್ದಿದರೆ ಹುಳಿಯ ಬಣ್ಣ, ಬಿಟ್ಟು ಕದಡಿ ಅದ್ದಿದರೆ ಹುಳಿ ಇಳಿದ ಬಣ್ಣ. "ಏನ ತವನಪ್ಪಣ್ಣಾ, ಕುಡ್ಯಾಂವೋ ಪರೀಕ್ಷಾ ಮಾಡಾಂವೋ? ನಾಪಾಸ್ ಮಾಡೀರಿ ಮತ್ತ!" ಅಂತ ಕಾಕಾಸಾಹೇಬ ಚೇಷ್ಟೆ ಮಾಡಿದ. ನಾನು ಗ್ಲಾಸು ಇಟ್ಟು ಮನೆಗೆ ಓಡಿದೆ. ನೀರಿನ ಹುಳಿ ಅದರೊಳಗೆ ಸೇರಿದ ಗಾಳಿಯದು. ನಾವು ಉಸಿರು ಬಿಡುವ ಗಾಳಿಯೂ ಅದೇ ಜಾತಿಯದು.

ಪೆಟ್ಟಿಗೆಯಿಂದ ಒಂದು ತಂಬಿಗೆ ನೀರು ತೆಗೆದು, ಅಂಗಳದ ನುಗ್ಗಿಗಿಡದ ಕೆಳಗೆ ನಿಂತು, ಚಹಾ ಆರಿಸಿದ ಹಾಗೆ ತಂಬಿಗೆಯಿಂದ ಚೆರಿಗೆಗೆ, ಚೆರಿಗೆಯಿಂದ ತಂಬಿಗೆಗೆ ಸುರಿದೆ. ಲಕ್ಷ್ಮಿಬಾಯಿ ವೈನಿ ಗೋಡೆ ಮೇಲಿಂದ ಇಣುಕಿ, "ಯಾರಿಗ್ರಿ ಭಾವಜಿ, ಚಾ?" ಅಂದರು. "ಮೀನಿಗೆ" ಅಂದೆ. ಪಾಪ, ಗಾಬರಿಯಾಗಿ ಒಳಗೆ ಹೋದರು. ಕೈ ಸೋತ ಮೇಲೆ ಹನಿ ಹಾಕಿ ನೋಡಿದೆ. ಸೋನಾ, ಬಣ್ಣ ಎಂಟು ದಾಟಿತ್ತು! ಸೋಡಾ ಇಲ್ಲ, ಸುಣ್ಣ ಇಲ್ಲ, ಅದೇ ನೀರು. ಕೊರತೆ ನೀರಿನದಲ್ಲ, ಮನೆಯ ಗಾಳಿಯದು. ಕಲ್ಲಿಗಂಟಿದ ಜೀವ, ಮೀನು, ನಾನು, ಬಂದು ಕೂತುಹೋಗುವ ರೈತರು, ಎಲ್ಲರೂ ಮುಚ್ಚಿದ ಪಡಸಾಲೆಯಲ್ಲಿ ಉಸಿರು ಬಿಟ್ಟದ್ದು ನೀರಿಗೇ ಇಳಿಯುತ್ತಿತ್ತು. ಒಂದು ಹುಳ ಉಳಿಸಲು ಹೋಗಿ ನಾನು ಇಡೀ ಸಮುದ್ರದ ಮೂಗು ಹಿಡಿದಿದ್ದೆ.

ಸತ್ತೆಪ್ಪನ ಮುಚ್ಚಳ ಈಗ ಅಟ್ಟದ ಮೇಲಿದೆ. ಪೆಟ್ಟಿಗೆಯ ಮೇಲೆ ತೆಳು ಬಟ್ಟೆ ಒಂದೇ ಪದರು ಬಿಗಿದು ಕಟ್ಟಿದ್ದೇನೆ, ಗಾಳಿ ಹೋಗುತ್ತದೆ, ಹುಳ ಹೋಗುವುದಿಲ್ಲ. ಗಾಳಿ ಊದುವ ಪಂಪನ್ನು ಕಿಟಕಿಯ ಹೊರಗಿಟ್ಟು ಪೈಪು ಮಾತ್ರ ಒಳಗೆ ತಂದಿದ್ದೇನೆ. ಕಿಟಕಿಗೆ ಸೊಳ್ಳೆಜಾಳಿ ಹೊಡೆಸಿದೆ. ದೀಪ ಹಗಲಷ್ಟೇ. ಹೊತ್ತು ಮುಳುಗುವ ಮೊದಲು ಮೀನಿಗೆ ತಿನಿಸು ಹಾಕಿ ಆರಿಸಿಬಿಡುತ್ತೇನೆ, ಹೀಗಾಗಿ ನಮ್ಮ ಮನೆಯಲ್ಲಿ ಅವಕ್ಕೂ ರಾತ್ರಿ ಊಟ ಬಂದ್. ಆ ತಿನಿಸಿನಲ್ಲಿ ಏನಿರುತ್ತದೆ ಅನ್ನುವ ಜಗಳ ಬಾಕಿ ಇದೆ, ಅದನ್ನು ಎದುರುಬದುರು ಕೂತು ಆಡೋಣ. ಬೆಳಗಿನ ಬಣ್ಣ ವಾರದಿಂದ ಎಂಟರ ಕೆಳಗೆ ಇಳಿದಿಲ್ಲ. ನಿನ್ನೆ ಹವಳ ಅರಳಿತು. ನಾನು ಅಂಗಡಿಗೆ ತಡವಾಗಿ ಹೋದೆ.

ಪಾರಿಸನಿಗೂ ಮನೆಯವರಿಗೂ ಜಯ ಜಿನೇಂದ್ರ ಹೇಳು. ನಿನ್ನ ಕಾಲು ಬೇಗ ನೆಟ್ಟಗಾಗಲಿ, ಆ ಮೆಟ್ಟಿಲೂ ಆಗಲಿ.

ನಿನ್ನ
ತವನಪ್ಪ

ತಾ.ಕ.: ಕಾಗದ ಮಡಚಿದವನು ಮತ್ತೆ ಬಿಚ್ಚಿದೆ. ನೀನು ಕೇಳಿದ್ದು ಖಾತ್ರಿ. ಅದನ್ನು ಬರೆಯಲು ಕೈ ಬರುತ್ತಿಲ್ಲ. ಇಂದು ಬದುಕಿವೆ, ಹುಷಾರಾಗಿವೆ, ಅಷ್ಟು ಮಾತ್ರ ನಿಜ. ಸೋಸಿ ಉಳಿದ ಜೀವ ತಾನು ಬಂದ ನೀರಿಗೇ ಹೋಗಬೇಕು ಅನ್ನುವುದು ನಿನ್ನ ಕಾಯಿದೆ. ನೀನು ಬಂದು, ಹತ್ತಿರ ಕೂತು ನೋಡಿ, ಆಮೇಲೂ ಬೇಡ ಅಂದರೆ ಮಾಳಸಿದ್ದನ ಲಾರಿಯಲ್ಲಿ ಇಬ್ಬರೂ ಹೋಗಿ ಸಮುದ್ರಕ್ಕೆ ಬಿಟ್ಟು ಬರೋಣ. ನಾನು ಬಾಯಿ ತೆರೆಯುವುದಿಲ್ಲ. ಆದರೆ ದೀಪಾವಳಿಗೆ ಬಸದಿಯಲ್ಲಿ ಏರಿಸುವ ನಿರ್ವಾಣ ಲಾಡು ಕಟ್ಟುವುದರೊಳಗೆ ಬಾ. ಇನ್ನೊಂದು, ಪೆಟ್ಟಿಗೆಗೆ ಕಟ್ಟಿದ್ದು ಮನೆಯಲ್ಲಿದ್ದ ನಿನ್ನ ಗಾಳಿಸುವ ಬಟ್ಟೆ. ಕುಡಿಯುವ ಸೋಸಿದ ನೀರಿಗೆ ದಿನಾ ವೈನಿಯವರ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಬರುವಾಗ ಹೊಸದೊಂದು ಬಟ್ಟೆ ತಾ. ನೀರಡಿಕೆಯಾಗಿದೆ.