ಮುಟ್ಟಿದರೆ ಅಂಟುವುದಿಲ್ಲವಂತೆ

ಅಪ್ಪಾ,

ನೀವು ತೀರಿಕೊಂಡು ವರ್ಷವಾಯಿತು. ಆದರೂ ಈ ಸಿಟ್ಟನ್ನು ಬೇರೆ ಯಾರ ಮೇಲೆ ತೀರಿಸಲಿ?

ನನ್ನ ಮೊಣಕೈಯಲ್ಲೂ ಅಮ್ಮನಿಗಿರುವಂಥದೇ ಕೆಂಪು ಕಲೆ ಎದ್ದು ಬಿಳಿ ಹೊಟ್ಟು ಉದುರತೊಡಗಿತ್ತು. ಇವತ್ತು ಅಮ್ಮನನ್ನೂ ಕರೆದುಕೊಂಡು ಉಡುಮಲೈಪೇಟೆಯ ಚರ್ಮದ ಡಾಕ್ಟರ ಬಳಿ ಹೋದೆ. ಆಕೆ ಇಬ್ಬರ ಕೈಯನ್ನೂ ಬರಿಗೈಯಲ್ಲೇ ಹಿಡಿದು ನೋಡಿ, "ಸೋರಿಯಾಸಿಸ್. ತೊಟ್ಟಾ ಒಟ್ಟಿಕ್ಕಾದುಮ್ಮಾ" ಎಂದರು. ಮುಟ್ಟಿದರೆ ಅಂಟುವುದಿಲ್ಲವಂತೆ! ಮೂವತ್ತು ವರ್ಷ ಅಮ್ಮನಿಗೆ ಬೇರೆ ತಟ್ಟೆ, ಬೇರೆ ಚಾಪೆ ಕೊಟ್ಟಿರಲ್ಲ, ಒಮ್ಮೆಯಾದರೂ ಒಬ್ಬ ಡಾಕ್ಟರನ್ನು ಕೇಳಿದಿರಾ? "ಮಗೂನ ಮುಟ್ಟಬೇಡ" ಎಂದು ನೀವು ಅವಳನ್ನು ಗದರಿದಾಗಲೆಲ್ಲ ನಾನೂ ದೂರ ಸರಿದೆ.

ಹೊರಗೆ ಬಂದ ಮೇಲೆ ಅಮ್ಮ ನಿಮ್ಮನ್ನು ಬೈಯಲೇ ಇಲ್ಲ. "ಹಂಗಿದ್ರೆ ಇನ್ಮೇಲೆ ನಿನ್ನ ತಲೆ ನಾನೇ ಬಾಚಲಾ ಕಣ್ಣೂ?" ಎಂದು ಕೇಳಿದಳು.

ನನಗೆ ನಲವತ್ತು ತುಂಬಿದೆ, ಅಪ್ಪಾ. ಅರ್ಧ ತಲೆ ನರೆತಿದೆ.