ಬಂಡೆ ಮೇಲಿನ ಕಂಬಳಿ

ಹಳೇಕೋಟೆ
೯ ಅಕ್ಟೋಬರ್ ೨೦೨೫

ನಮ್ಮ ಮನೆಯವರಿಗೆ ಕವನಾ ಮಾಡುವ ನಮಸ್ಕಾರ.

ಸಿಂಧನೂರಿನ ಬಿಸಿಲಿಗೆ ಮೈ ಹೇಗಿದೆ? ಗದ್ದೆಗೆ ಔಷಧಿ ಹೊಡೆಯುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತೀರಿ ತಾನೆ? ಡ್ರೋನ್ ಹಾರಿಸುವವನಿಗೆ ಏನೂ ತಾಗುವುದಿಲ್ಲ ಎಂದು ಜಂಬ ಕೊಚ್ಚಬೇಡಿ. ಫೋನಿನಲ್ಲಿ ಹೇಳಲು ಹೋದರೆ ಅಳು ಬರುತ್ತದೆ, ಮಾವನ ಕಿವಿಯೂ ಚುರುಕು. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಬಿಟ್ಟುಹೋದ ಚಿಕ್ಕ ಡ್ರೋನನ್ನು ದಿನಾ ಗೋಮಾಳದ ಮೇಲೆ ಹಾರಿಸುತ್ತಿದ್ದೇನೆ. ಮೊದಮೊದಲು ಅದರ ಸದ್ದಿಗೆ ಕುರಿಗಳು ದಿಕ್ಕಾಪಾಲಾಗುತ್ತಿದ್ದವು, ಈಗ ತಲೆಯೆತ್ತಿಯೂ ನೋಡುವುದಿಲ್ಲ. ನಾಲೆ ಕಡೆ ಇಳಿದದ್ದು ಕಂಡರೆ ಓಡಬೇಕಾದವಳು ನಾನೇ. ಹಾಲು ಕರೆದು, ಸಗಣಿ ಬಾಚಿ, ಬ್ಯಾಟರಿ ಚಾರ್ಜಿಗೆ ಹಾಕಿ, ಮತ್ತೆ ಬೆಟ್ಟ ಹತ್ತಿ ಇಳಿದು ಸಾಕಾಗಿಹೋಗಿದೆ. ಕೂತಲ್ಲೇ ಕುರಿ ಕಾಯಬಹುದು ಎಂದಿರಲ್ಲ, ಬಂದು ಒಂದು ದಿನ ಕೂತು ತೋರಿಸಿ.

ನಾನು ಕಳಿಸುವ ವಿಡಿಯೊ ನೋಡಿ "ಅಪ್ಪ ಬಂಡೆ ಮ್ಯಾಲೆ ಗಟ್ಟಿಮುಟ್ಟಾಗಿ ಕೂತವ್ರೆ ಕಣೇ" ಎಂದು ಖುಷಿಪಡುತ್ತೀರಿ. ಅಲ್ಲಿ ಮಾವ ಇಲ್ಲ. ಅದು ಕಲ್ಲಿಗೆ ನಾನು ಹೊದಿಸಿದ ಅವರ ಕಂಬಳಿ. ಕುರಿ ಕಾಯುವವನು ಎದ್ದು ಹೋಗುವಾಗ ಕಂಬಳಿ ಬಿಟ್ಟುಹೋದರೆ ಮಂದೆ ಅದರ ಸುತ್ತಲೇ ಮೇಯುತ್ತದೆ ಎಂದು ನನಗೆ ಹೇಳಿಕೊಟ್ಟವರೇ ನೀವು. ಮೇಲಿಂದ ನೋಡಿ ನೀವೂ ಕುರಿಗಳ ಹಾಗೆ ನಂಬಿಬಿಟ್ಟಿರಿ. ಗೌರಿ ಹಬ್ಬದ ಮಾರನೆಯ ದಿನ ಮಾವನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋಗಿವೆ. ಹೊಳೆನರಸೀಪುರದ ಆಸ್ಪತ್ರೆಯಲ್ಲಿ ತೋರಿಸಿ ಕರೆತಂದೆವು. "ಅವ್ನ ಸೀಜನ್ ಮುಗೀಲಿ, ಅಲ್ಲೀಗಂಟ ಯೋಳ್ಬ್ಯಾಡ ಕಣವ್ವ" ಎಂದು ಆಣೆ ಹಾಕಿಸಿಕೊಂಡರು. ನೀವು ಫೋನು ಕೊಡು ಎಂದಾಗಲೆಲ್ಲ ಕುರಿ ಹತ್ತಿರ ಇದ್ದಾರೆ ಎನ್ನುತ್ತಿದ್ದೆ. ಇವತ್ತು ಆಣೆ ಮುರಿದಿದ್ದೇನೆ. ಒಬ್ಬಳೇ ಅವರನ್ನು ಮಗ್ಗುಲು ತಿರುಗಿಸಲು ಆಗುತ್ತಿಲ್ಲ. ನಿಮ್ಮ ಮೇಲೆ ಸಿಟ್ಟೂ ಬರುತ್ತದೆ, ನೀವು ಹತ್ತಿರ ಇರಬೇಕಿತ್ತು ಅಂತಲೂ ಅನ್ನಿಸುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಜೊತೆಯವರಿಗೂ ಕೇಳಿದೆ ಎಂದು ಹೇಳಿ.

ಇಂತಿ ನಿಮ್ಮ
ಕವನಾ

ಮರೆತೆ: ಬೆಳಿಗ್ಗೆ ಮಾವನಿಗೂ ಅದೇ ವಿಡಿಯೊ ತೋರಿಸಿದೆ. ಬಲಗೈ ಬೆರಳನ್ನು ಫೋನಿನಲ್ಲಿ ಕಾಣುವ ಕಂಬಳಿ ಮೇಲಿಟ್ಟು, "ನೋಡವ್ವ, ನನ್ ಮಗ ಬಸವೇಶ ಬಂದವ್ನೆ. ಹಸ್ಕಂಡಿರ್ತಾನೆ, ಇಟ್ಟಿನ ಮುದ್ದೆ ತಗಂಡೋಗಿ ಕೊಡು" ಎಂದರು. ಬುತ್ತಿ ಕಟ್ಟಿಕೊಂಡು ಹೋಗಿ ಬಂದೆ. "ಉಂಡ್ನಾ?" ಎಂದು ಕೇಳಿದರು. ಹೂಂ ಎಂದೆ. ಈ ಕಾಗದ ತಲುಪಿದ ದಿನವೇ ಬಸ್ಸು ಹತ್ತಿ.