ತಳ ಹತ್ತಿದ ಹಾಲಿನ ಪಾತ್ರೆ

ಅತ್ತಿಗೆ,

ಚಳಿ ಇಳಿದಿದೆ. ಹಾಲು ಕರೆದಾಯಿತು, ಡೇರಿಗೆ ನಾನೇ ಒಯ್ಯುತ್ತಿದ್ದೇನೆ. ನೀವು ಕೊಟ್ಟಿಗೆ ಕಡೆ ತಲೆ ಹಾಕದೆ, ಮೊದಲು ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬನ್ನಿ. ನಿಮ್ಮ ಈ ಏದುಸಿರು ಕೊರೊನಾ ಬಿಟ್ಟುಹೋದದ್ದೇ ಎಂದು ಡಾಕ್ಟರಿಗೆ ತಿಳಿಯಬೇಕಂತೆ. ಇಷ್ಟು ತಿಂಗಳಾದ ಮೇಲೆ ರೋಗದ ಗುರುತಾಗಿ ರಕ್ತದಲ್ಲಿ ಉಳಿಯುವ ಪ್ರತಿಕಾಯ ಸಿಗದೆಯೂ ಇರಬಹುದಂತೆ.

ರಕ್ತದ ವರದಿ ಏನೇ ಹೇಳಲಿ, ನಿಮಗೂ ಬಂದಿತ್ತೆಂದು ನನಗೆ ಗೊತ್ತು. ಅಣ್ಣ, ಮಕ್ಕಳು, ನಾನು ಕೊರೊನಾ ಜ್ವರದಲ್ಲಿ ಮಲಗಿದ್ದಾಗ ಹಾಲು ತಳ ಹತ್ತಿದ ವಾಸನೆ ನನಗೇ ಬಂತು. ಹಳಸಿದ ಹಾಲನ್ನು ಬಾಗಿಲಲ್ಲೇ ಹಿಡಿಯುವ ನಿಮ್ಮ ಮೂಗಿಗೆ ಬರಲಿಲ್ಲ. "ಮೂಗು ಅಡ ಇಟ್ರಾ?" ಎಂದು ಅಣಕಿಸಿದೆ. "ಬರೀ ನೆಗಡಿ ಕಣೋ, ಸುಮ್ನೆ ಮಾತ್ರೆ ನುಂಗು" ಎಂದಿರಿ. ಒಂದು ದಿನವೂ ನೀವು ಮಲಗಲಿಲ್ಲ.

ಮೂಲೆ ಸೇರಿದ್ದ ಆ ಪಾತ್ರೆಯನ್ನು ಇವತ್ತು ಉಜ್ಜಿದೆ. ಕರಕಲು ಅರ್ಧ ಬಿಟ್ಟಿದೆ. ಉಳಿದದ್ದೂ ನನ್ನ ಪಾಲಿನದೇ, ನೀವು ಮುಟ್ಟಬೇಡಿ.